ಮಕ್ಕಳ ತಾಂಬೂಲದ ಚೀಲದಲ್ಲಿ ಏನಿದೆ?

ಛತ್ರ ಗೊತ್ತಾಗಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಅಚ್ಚಾದ ಮೇಲೆ ಮದುವೆ ಮನೆಯಲ್ಲಿ ಉಳಿಯುವ ದೊಡ್ಡ ಚರ್ಚೆ ತಾಂಬೂಲದ್ದು. ಹಿಂದೆ ಈ ಚರ್ಚೆಗೆ ಅವಕಾಶವೇ ಇರಲಿಲ್ಲ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ; ಅನುಕೂಲಸ್ಥರಾದರೆ ಜೊತೆಗೊಂದು ರವಿಕೆ ಕಣ. ಮಕ್ಕಳಿಗೆಂದು ಪ್ರತ್ಯೇಕವಾಗಿ ಏನೂ ಇಲ್ಲ. ಅಮ್ಮನ ಚೀಲದಲ್ಲಿದ್ದ ಬಾಳೆಹಣ್ಣೋ ಕಲ್ಲುಸಕ್ಕರೆಯೋ ಅವರ ಪಾಲಿಗೆ ಬರುತ್ತಿತ್ತು. ಈಗ ಹಾಗಲ್ಲ. ಆರತಕ್ಷತೆಯ ಸಂಜೆ ಮಕ್ಕಳಿಗೆಂದೇ ಬಣ್ಣದ ಪುಟ್ಟ ಚೀಲ, ಅದರ ಮೇಲೆ ವಧೂವರರ ಹೆಸರು, ಒಳಗೆ ನಾಲ್ಕಾರು ಆಟದ ಸಾಮಾನು, ಚಾಕೊಲೇಟು. ಇದಕ್ಕೆ ‘ರಿಟರ್ನ್ ಗಿಫ್ಟ್’ ಎಂದು ಹೆಸರು.

ಈ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡವರ ಗದ್ದಲದ ನಡುವೆ ನಿದ್ದೆಗಣ್ಣಿನಲ್ಲಿ ಕುಳಿತ ಮಗುವನ್ನು ಯಾರೋ ನೆನೆಸಿಕೊಂಡರಲ್ಲ ಎಂದು ಸಂತೋಷವೇ ಆಗುತ್ತದೆ. ತಕರಾರು ಇರುವುದು ಚೀಲ ತುಂಬುವ ಕ್ರಮದ ಬಗ್ಗೆ. ತನ್ನ ಮಗುವಿಗೆ ಆಟಿಕೆ ಕೊಳ್ಳುವ ತಾಯಿ ಆ ಮಗುವಿನ ವಯಸ್ಸು, ಸ್ವಭಾವ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತಾಳೆ. ಮದುವೆ ಮನೆಯವರು ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಒಂದೂವರೆ ವರ್ಷದ ಕೂಸಿಗೂ ಹನ್ನೆರಡು ವರ್ಷದ ಹುಡುಗನಿಗೂ ಒಂದೇ ಚೀಲ. ಅದನ್ನು ಮಗು ಬಿಚ್ಚುವುದಾದರೂ ಎಲ್ಲಿ? ಛತ್ರದ ಕುರ್ಚಿಗಳ ಕೆಳಗೆ, ಇಲ್ಲವೆ ರಾತ್ರಿ ಮನೆಗೆ ಹಿಂದಿರುಗುವಾಗ ಕಾರಿನ ಹಿಂದಿನ ಸೀಟಿನ ಕತ್ತಲಲ್ಲಿ. ಯಾರ ಕಣ್ಣೂ ಅದರ ಮೇಲೆ ಇರುವುದಿಲ್ಲ.

ಈ ಚೀಲದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ವಸ್ತು ಮಿನುಗುವ ಆಟಿಕೆ. ಬೆಳಕಿನ ಉಂಗುರ, ಬೆಳಗುವ ಬುಗುರಿ, ಒತ್ತಿದರೆ ಹಾಡುವ ಗೊಂಬೆ, ಹತ್ತು-ಇಪ್ಪತ್ತು ರೂಪಾಯಿಯ ಕೈಗಡಿಯಾರ. ಇವುಗಳೊಳಗೆ ಇರುವುದು ಗುಂಡಿಯಾಕಾರದ ಪುಟ್ಟ ಬ್ಯಾಟರಿ. ಅಗ್ಗದ ಆಟಿಕೆಯಲ್ಲಿ ಅದರ ಮುಚ್ಚಳಕ್ಕೆ ತಿರುಪೇ ಇರುವುದಿಲ್ಲ; ಒಮ್ಮೆ ನೆಲಕ್ಕೆ ಬಿದ್ದರೆ ಸಾಕು, ಬ್ಯಾಟರಿ ಹೊರಕ್ಕೆ ಉರುಳುತ್ತದೆ. ಹೊಳೆಯುವ ದುಂಡನೆಯ ವಸ್ತುವನ್ನು ಕಂಡ ಕೂಸು ಅದನ್ನು ಏನು ಮಾಡುತ್ತದೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನಾಣ್ಯ ನುಂಗಿದರೆ ಅದು ಹೊಟ್ಟೆಗಿಳಿದು ಸಾಮಾನ್ಯವಾಗಿ ಮಲದಲ್ಲಿ ಹೊರಬೀಳುತ್ತದೆ. ಬ್ಯಾಟರಿಯ ಕಥೆ ಬೇರೆ. ಹೆಚ್ಚು ಅಪಾಯಕಾರಿಯಾದದ್ದು 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಬ್ಯಾಟರಿ. ಅದರ ಮೇಲೆ ‘ಸಿಆರ್ 2032’ ಎಂದೋ ‘2025’ ಎಂದೋ ಬರೆದಿರುತ್ತದೆ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲವಿರುವುದರಿಂದ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಒದ್ದೆ ಗೋಡೆ ಬ್ಯಾಟರಿಯ ಎರಡು ಮುಖಗಳ ನಡುವೆ ತಂತಿಯ ಕೆಲಸ ಮಾಡಿ ವಿದ್ಯುತ್ ಹರಿಯುತ್ತದೆ. ಅದರಿಂದ ಬ್ಯಾಟರಿಯ ಋಣ ಮುಖದ ಬಳಿ ತೀಕ್ಷ್ಣವಾದ ಕ್ಷಾರ ಹುಟ್ಟಿ ಮಾಂಸವನ್ನು ಸುಡತೊಡಗುತ್ತದೆ. ಎರಡು ಗಂಟೆಯೊಳಗೆ ತೀವ್ರ ಗಾಯವಾಗಬಹುದು. ಅನ್ನನಾಳ ತೂತಾಗಿ, ಸುಟ್ಟ ಗಾಯ ಪಕ್ಕದ ದೊಡ್ಡ ರಕ್ತನಾಳವನ್ನು ಮುಟ್ಟಿ ಮಕ್ಕಳು ಸತ್ತದ್ದುಂಟು. ಆಟಿಕೆಯನ್ನು ಬೆಳಗಿಸಲಾಗದಷ್ಟು ಸೋತ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಇಂಥ ಬ್ಯಾಟರಿಗಳ ಸುರಕ್ಷತೆಗೆಂದೇ ಅಮೆರಿಕದವರು 2022ರಲ್ಲಿ ಒಂದು ಕಾಯಿದೆ ಮಾಡಿದರು.

ಕಷ್ಟವೆಂದರೆ ಮಗು ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ. ಮರುದಿನ ಮಗು ಜೊಲ್ಲು ಸುರಿಸುತ್ತದೆ, ಕೆಮ್ಮುತ್ತದೆ, ಅನ್ನ ಬೇಡವೆನ್ನುತ್ತದೆ. ಮದುವೆಯಲ್ಲಿ ಐಸ್‌ಕ್ರೀಮ್ ತಿಂದು ಗಂಟಲು ಕಟ್ಟಿತೆಂದು ಮನೆಯವರು ಹೇಳುತ್ತಾರೆ, ವೈದ್ಯರೂ ಹೌದೆನ್ನಬಹುದು. ಆದ್ದರಿಂದ ಮಿನುಗುವ ಆಟಿಕೆ ಮನೆಗೆ ಬಂದಿತ್ತು, ಅದರ ಬ್ಯಾಟರಿ ಕಾಣುತ್ತಿಲ್ಲ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ. ಒಂದು ಎಕ್ಸ್‌ರೇ ಸಂಶಯವನ್ನು ಬಗೆಹರಿಸುತ್ತದೆ. ಅದರಲ್ಲಿ ಬ್ಯಾಟರಿಯ ಅಂಚು ಎರಡು ಉಂಗುರಗಳಂತೆ ಕಾಣುವುದರಿಂದ ನಾಣ್ಯವಲ್ಲವೆಂದು ತಿಳಿಯುತ್ತದೆ.

ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ. ನಾಣ್ಯ ನುಂಗಿದಾಗ ಮಾಡುವಂತೆ ಬಾಳೆಹಣ್ಣು, ಅನ್ನದ ಉಂಡೆ ತಿನ್ನಿಸಬೇಡಿ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ ಹನ್ನೆರಡು ಗಂಟೆ ಕಳೆದಿರದೆ, ಅದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನುತುಪ್ಪ ಕೊಡಬಹುದು; ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಕ್ಷಾರದ ಉರಿಯನ್ನು ತುಸು ತಡೆಯುತ್ತದೆ. ಆದರೆ ಜೇನು ಹುಡುಕುತ್ತ ಹೊತ್ತು ಕಳೆಯಬಾರದು. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ಸಲ್ಲದು. ನನ್ನಂಥ ಎಂಬಿಬಿಎಸ್ ವೈದ್ಯನ ಕ್ಲಿನಿಕ್ಕಿಗೆ ಬಂದು ಸರದಿಯಲ್ಲಿ ಕೂರುವುದೂ ಬೇಡ. ಎಂಡೊಸ್ಕೊಪಿ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ಎರಡನೆಯ ಅಪಾಯ ಮಕ್ಕಳ ಚೀಲದಲ್ಲಿಲ್ಲ, ಅಮ್ಮನ ಚೀಲದಲ್ಲಿದೆ. ಎಲೆ-ಅಡಿಕೆಯ ಜೊತೆ ಈಗ ಸುಣ್ಣವೂ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ. ಮೆತ್ತಗೆ, ಉಬ್ಬಿಕೊಂಡಿರುವ ಆ ಪೊಟ್ಟಣ ಮಗುವಿನ ಕೈಗೆ ಸಿಕ್ಕರೆ ಅದು ಹಿಸುಕುತ್ತದೆ; ಹಿಸುಕಿದರೆ ಪೊಟ್ಟಣ ಒಡೆದು ಸುಣ್ಣ ನೇರವಾಗಿ ಕಣ್ಣಿಗೆ ಚಿಮ್ಮುತ್ತದೆ. ಇದು ಕಲ್ಪನೆಯಲ್ಲ; ಸುಣ್ಣದ ಪೊಟ್ಟಣದಿಂದ ಕಣ್ಣು ಕಳೆದುಕೊಂಡ ಮಕ್ಕಳ ಬಗ್ಗೆ ನಮ್ಮ ದೇಶದ ನೇತ್ರವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಕಣ್ಣಿಗೆ ಸಾಮಾನ್ಯವಾಗಿ ಆಮ್ಲಕ್ಕಿಂತ ಕ್ಷಾರ ಹೆಚ್ಚು ಕೆಟ್ಟದ್ದು. ಆಮ್ಲದ ಗಾಯ ಬಹುಮಟ್ಟಿಗೆ ಮೇಲುಮೇಲೆ ನಿಲ್ಲುತ್ತದೆ. ಕ್ಷಾರ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು.

ಸುಣ್ಣ ಕಣ್ಣಿಗೆ ಬಿದ್ದ ಕೂಡಲೇ ನೀರು, ನೀರು, ಮತ್ತೆ ನೀರು. ನಲ್ಲಿಯಾಗಲಿ, ಕುಡಿಯುವ ನೀರಿನ ಬಾಟಲಿಯಾಗಲಿ, ಕೈಗೆ ಸಿಕ್ಕ ಶುದ್ಧ ನೀರಿನಲ್ಲಿ ರೆಪ್ಪೆ ಬಿಡಿಸಿ ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಮಗು ಕಿರುಚುತ್ತದೆ, ಅಜ್ಜಿಯರು ಸಾಕು ಬಿಡಿ ಎನ್ನುತ್ತಾರೆ. ಬಿಡಬಾರದು. ರೆಪ್ಪೆಯ ಒಳಮಗ್ಗುಲಲ್ಲಿ ಸುಣ್ಣದ ಕಣ ಉಳಿದರೆ ಅದು ಸುಡುತ್ತಲೇ ಇರುತ್ತದೆ. ಎದೆಹಾಲು, ಹರಳೆಣ್ಣೆ, ತುಪ್ಪ ಯಾವುದನ್ನೂ ಹಾಕಬೇಡಿ. ತೊಳೆದ ನಂತರ ಕಣ್ಣಿನ ಆಸ್ಪತ್ರೆಗೆ, ಅದೇ ದಿನ, ಅದೇ ಗಳಿಗೆ. ಮದುವೆ ಮನೆಯವರು ಮಾಡಬೇಕಾದದ್ದು ಬಹಳ ಸುಲಭ: ಚೀಲಕ್ಕೆ ಸುಣ್ಣ ಹಾಕಬೇಡಿ. ಎಲೆ ಹಾಕಿಕೊಳ್ಳುವ ಹಿರಿಯರಿಗೆ ಊಟದ ಮನೆಯ ಬಾಗಿಲಲ್ಲಿ ತಟ್ಟೆಯ ಪಕ್ಕ ಸುಣ್ಣದ ಡಬ್ಬಿ ಇಟ್ಟರಾಯಿತು.

ಅಡಿಕೆಯ ಮಾತು ಬಂದದ್ದರಿಂದ ಇನ್ನೊಂದು. ಬಣ್ಣಬಣ್ಣದ ಕಾಗದದ ಸಿಹಿ ಅಡಿಕೆಪುಡಿಯನ್ನು ಮಕ್ಕಳ ಚೀಲಕ್ಕೂ ಹಾಕುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಬೆರೆಯದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಲೆನಾಡಿನ ತೋಟದವರಿಗೆ ಈ ಮಾತು ಹಿಡಿಸದೆಂದು ಬಲ್ಲೆ. ಮಂಗಳಕಾರ್ಯದ ಅಡಿಕೆಗೆ ನನ್ನ ಆಕ್ಷೇಪವೂ ಇಲ್ಲ. ಆದರೆ ಎಂಟು ವರ್ಷದ ಹುಡುಗನಿಗೆ ಅಡಿಕೆ ಅಗಿಯುವ ರುಚಿ ಹಚ್ಚುವುದು ಯಾವ ಶಾಸ್ತ್ರದಲ್ಲೂ ಇಲ್ಲ.

ಬಲೂನು ಕೊಡುವವರು ಗಮನಿಸಿ. ಊದಿದ ಬಲೂನಿಗಿಂತ ಊದದ ಬಲೂನು, ಒಡೆದ ಬಲೂನಿನ ಚೂರು ಅಪಾಯ. ಚೂರನ್ನು ಬಾಯಿಗೆ ಹೀರಿ ಗುಳ್ಳೆ ಮಾಡಿ ಹಣೆಗೆ ಒಡೆಯುವ ಆಟ ನಾವೆಲ್ಲ ಆಡಿದ್ದೇವೆ. ಆ ರಬ್ಬರು ಗಂಟಲಿಗೆ ಜಾರಿದರೆ ಶ್ವಾಸದ ದಾರಿಗೆ ಅಂಟಿಕೊಂಡು ಮುಚ್ಚಿಬಿಡುತ್ತದೆ. ನೀರಿನಲ್ಲಿ ಹಾಕಿದರೆ ಗೋಲಿಯಷ್ಟು ಉಬ್ಬುವ ಬಣ್ಣದ ಕಾಳುಗಳೂ ಬೇಡ. ಅವು ಕರುಳಿನಲ್ಲೂ ಹಾಗೆಯೇ ಉಬ್ಬಿ ದಾರಿ ಕಟ್ಟುತ್ತವೆ, ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಪುಟ್ಟ ಅಯಸ್ಕಾಂತಗಳು ಎರಡು ಹೊಟ್ಟೆಗೆ ಹೋದರೆ ಕರುಳಿನ ಎರಡು ಸುರುಳಿಗಳನ್ನು ಒಂದಕ್ಕೊಂದು ಕಚ್ಚಿ ಹಿಡಿದು ತೂತು ಮಾಡುತ್ತವೆ. ಗೋಡಂಬಿ-ಬಾದಾಮಿಯ ಡಬ್ಬಿ ಕೊಡುವುದು ಈಗ ಅಂತಸ್ತಿನ ಗುರುತಾಗಿದೆ. ನಾಲ್ಕೈದು ವರ್ಷದೊಳಗಿನ ಮಗುವಿಗೆ ಅದನ್ನು ಇಡಿಯಾಗಿ ತಿನ್ನಲು ಕೊಡಬಾರದು. ಉಸಿರುನಾಳಕ್ಕೆ ಇಳಿದ ಒಂದು ಶೇಂಗಾ ಬೀಜ ವಾರಗಟ್ಟಲೆ ಕೆಮ್ಮಾಗಿ ಕಾಡಿದ ನಿದರ್ಶನಗಳಿವೆ. ಚಾಕೊಲೇಟಿನ ಸಕ್ಕರೆಯ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಮದುವೆಯ ದಿನ ಒಂದು ಚಾಕೊಲೇಟು ತಿಂದು ಯಾವ ಮಗುವೂ ಕೆಟ್ಟಿಲ್ಲ.

‘ಇಷ್ಟೆಲ್ಲ ಹೆದರಿದರೆ ಮಕ್ಕಳು ಆಡುವುದು ಹೇಗೆ ಡಾಕ್ಟ್ರೇ, ನಾವು ಗೋಲಿ ಆಡಿ ಬೆಳೆಯಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನಿಜ. ಆದರೆ ಗೋಲಿ ಆಡಿದ್ದು ಎಂಟು-ಹತ್ತು ವರ್ಷದ ಹುಡುಗರು, ತೊಟ್ಟಿಲ ಕೂಸಲ್ಲ. ಜೊತೆಗೆ ನುಂಗಿದ ಗಾಜಿನ ಗೋಲಿ ಹೊಟ್ಟೆಯಲ್ಲಿ ಏನನ್ನೂ ಸುಡುತ್ತಿರಲಿಲ್ಲ.

ಹಾಗಾದರೆ ಏನು ಕೊಡಬೇಕು? ಮೊದಲು ಚೀಲವನ್ನು ಎರಡು ಬಗೆ ಮಾಡಿ, ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಮೂರು ವರ್ಷದೊಳಗಿನವರಿಗೆ ಬಟ್ಟೆಯ ಚೆಂಡು, ಪುಟ್ಟ ಟವೆಲು, ದಪ್ಪ ರಟ್ಟಿನ ಚಿತ್ರದ ಪುಸ್ತಕ ಸಾಕು. ಅದನ್ನೂ ತಾಯಿಯ ಕೈಗೇ ಕೊಡಿ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಸುಮಾರು 3 ಸೆಂಟಿಮೀಟರಿನ ಕೊಳವೆಯಲ್ಲಿ ತೂರಿಹೋಗುವ ಯಾವ ವಸ್ತುವೂ ಈ ವಯಸ್ಸಿನವರಿಗಲ್ಲ. ದೊಡ್ಡ ಮಕ್ಕಳಿಗೆ ಬಣ್ಣದ ಪೆನ್ಸಿಲು, ಕತೆ ಪುಸ್ತಕ, ಹಗ್ಗದಾಟದ ಹಗ್ಗ, ಚೌಕಾಬಾರದ ಹಾಸು. ಕತೆ ಪುಸ್ತಕ ಕೊಟ್ಟರೆ ಮಕ್ಕಳು ಮುಖ ಸಿಂಡರಿಸುತ್ತಾರೆಂಬುದು ದೊಡ್ಡವರ ಊಹೆ ಮಾತ್ರ.

ಆಟಿಕೆಯೇ ಬೇಕೆಂದರೆ ಐಎಸ್ಐ ಗುರುತು ನೋಡಿ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ, 14 ವರ್ಷದೊಳಗಿನವರ ಆಟಿಕೆಗೆ ಇದು ಕಡ್ಡಾಯ. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಸಗಟು ಅಂಗಡಿಯಲ್ಲಿ ಗುರುತಿಲ್ಲದ ಬಿಡಿ ಸಾಮಾನು ತೋರಿಸಿದರೆ ಬೇಡವೆನ್ನಿ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಸೂಚ್ಯಂಕ ಪಡೆದ ಆಟಿಕೆಗಳಿಗೂ ಈ ನಿಯಮದಿಂದ ವಿನಾಯಿತಿಯಿದೆ. ಹಾಗಾಗಿ ಅಸಲಿ ಚನ್ನಪಟ್ಟಣದ ಗೊಂಬೆಯ ಮೇಲೆ ಗುರುತಿಲ್ಲದಿದ್ದರೆ ಗಾಬರಿ ಬೇಡ. ಮರಕ್ಕೆ ಅರಗು ಮತ್ತು ತರಕಾರಿ ಬಣ್ಣ ಹಚ್ಚಿದ ಆ ಬುಗುರಿ, ಗಿಲಕಿಗಳು ಪ್ಲಾಸ್ಟಿಕ್ಕಿಗಿಂತ ತುಸು ದುಬಾರಿಯಾದರೂ ನನ್ನ ಮತ ಅವಕ್ಕೇ. ಆದರೆ ಅದೇ ಹೆಸರಿನಲ್ಲಿ ಎಣ್ಣೆ ಬಣ್ಣ ಬಳಿದ ನಕಲಿಯೂ ಬರುತ್ತದೆ, ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ.

ಮದುವೆಗೆ ಹೋಗಿ ಬಂದವರಿಗೂ ಒಂದು ಕೆಲಸವಿದೆ. ಸೀರೆ ಬದಲಾಯಿಸುವ ಮೊದಲು ಎರಡೂ ಚೀಲಗಳನ್ನು ಮೇಜಿನ ಮೇಲೆ ಸುರಿಯಿರಿ. ಸುಣ್ಣದ ಪೊಟ್ಟಣವಿದ್ದರೆ ತೆಗೆದು ಎಸೆಯಿರಿ. ಮಿನುಗುವ ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ತಿರುಪಿಲ್ಲದಿದ್ದರೆ ಬ್ಯಾಟರಿ ಬಿಚ್ಚಿ, ಎರಡೂ ಮುಖ ಮುಚ್ಚುವಂತೆ ಟೇಪು ಸುತ್ತಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು, ಆಮೇಲೆ ವಿದ್ಯುನ್ಮಾನ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಬೆಳಿಗ್ಗೆ ಆಟಿಕೆ ಮಿನುಗುತ್ತಿಲ್ಲವೆಂದು ಮಗು ಅಳುತ್ತದೆ. ಅರ್ಧ ಗಂಟೆ ಅತ್ತು ಮರೆಯುತ್ತದೆ.