ನೋಟಿನ ಮೇಲೆ ಯಾರು: ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ ಒಂದು ಬಹಿರಂಗ ಪತ್ರ



ನೋಟಿನ ಮೇಲೆ ಏನಿರಬೇಕೆಂದು ತೀರ್ಮಾನಿಸುವವರು ಯಾರು ಎಂಬುದನ್ನು 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆಯ 25ನೇ ಕಲಮು ಚುಟುಕಾಗಿ ಹೇಳಿ ಮುಗಿಸುತ್ತದೆ. ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಕೇಂದ್ರ ಸರ್ಕಾರ ಒಪ್ಪಿಗೆ ಕೊಡಬೇಕು. ಶಿಫಾರಸಿಗೆ ಮೊದಲು ಯಾರನ್ನು ಕೇಳಬೇಕು, ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಟ್ಟದ್ದಕ್ಕೆ ಜನರಿಗೆ ಕಾರಣ ಹೇಳಬೇಕೇ ಎಂಬ ವಿಚಾರ ಆ ಕಲಮಿನಲ್ಲಿಲ್ಲ. ಈ ಪತ್ರದ ತಕರಾರು ಯಾವುದೇ ಹೆಸರಿನ ಬಗ್ಗೆ ಅಲ್ಲ, ಈ ಕೊರತೆಯ ಬಗ್ಗೆ.

ಬ್ಯಾಂಕಿನ ಮೊದಲ ನೋಟುಗಳು 1938ರಲ್ಲಿ ಆರನೇ ಜಾರ್ಜ್ ದೊರೆಯ ಮುಖ ಹೊತ್ತು ಬಂದವು. ಸ್ವಾತಂತ್ರ್ಯ ಬಂದಾಗ ಅಲ್ಲಿಗೆ ಗಾಂಧೀಜಿಯವರನ್ನು ತರುವ ಯೋಚನೆಯಿತ್ತು, ವಿನ್ಯಾಸವೂ ಸಿದ್ಧವಾಗಿತ್ತು. ಕೊನೆಗೆ ಒಮ್ಮತ ಒಲಿದದ್ದು ಸಾರನಾಥದ ಸಿಂಹಗಳಿಗೆ. ಗಾಂಧೀಜಿ ನೋಟಿಗೆ ಬಂದದ್ದು 1969ರ ಜನ್ಮಶತಮಾನೋತ್ಸವದಲ್ಲಿ. 1987ರಲ್ಲಿ 500ರ ನೋಟಿಗೂ 1996ರ ಹೊಸ ಸರಣಿಗೂ ಅವರೇ ಬಂದರು, ಅಲ್ಲಿಂದ ಕದಲಿಲ್ಲ. ಅಂಬೇಡ್ಕರ್, ಸುಭಾಷ್, ಟಾಗೋರ್ ಹೆಸರುಗಳು ಆಗಾಗ ಕೇಳಿಬರುತ್ತವೆ. 2022ರ ಅಕ್ಟೋಬರಿನಲ್ಲಿ ಲಕ್ಷ್ಮಿ, ಗಣೇಶರ ಚಿತ್ರ ಹಾಕಬೇಕೆಂದು ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಪ್ರಧಾನಿಗೆ ಪತ್ರ ಬರೆದರು. ಅದೇ ವರ್ಷ ಜೂನ್‌ನಲ್ಲಿ, ಬದಲಾವಣೆಯ ಪ್ರಸ್ತಾವವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟೀಕರಣ ಕೊಟ್ಟಿತ್ತು.

ಹಣದ ಮೇಲೆ ಯಾರಿರಬೇಕೆಂಬ ಪ್ರಶ್ನೆ ಶ್ರೀರಂಗಪಟ್ಟಣದ ಹಳೆಯ ಟಂಕಸಾಲೆಗೂ ಹೊಸದಾಗಿರಲಿಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯ ಹಣ ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟ ಚಿನ್ನದ ನಾಣ್ಯ. ಒಂದು ಬದಿಗೆ ನರಸಿಂಹ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ ದೊರೆಯ ಹೆಸರು. ದೇವರಿಗೂ ದೊರೆಗೂ ಹೆಚ್ಚುಕಮ್ಮಿ ಒಂದೇ ಹೆಸರಾದ್ದರಿಂದ ಗೌರವ ಯಾರ ಪಾಲಿನದು ಎಂದು ಜಗಳ ತೆಗೆಯುವ ಹಾಗೂ ಇರಲಿಲ್ಲ. ಹೈದರ್ ಅಲಿ ತನ್ನ ಹೊನ್ನಿನ ವರಹದ ಮೇಲೆ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಒತ್ತಿಸಿದ.

ಟಿಪ್ಪುವಿನ ಕ್ರಮವೇ ಬೇರೆ. ಅವನ ನಾಣ್ಯಗಳಲ್ಲಿ ಮನುಷ್ಯರ ಮುಖವಿಲ್ಲ. ತಾಮ್ರದ ಕಾಸಿನ ಮೇಲೆ ಆನೆ ಇದೆ, ಉಳಿದವುಗಳ ಮೇಲೆ ಬರೀ ಬರಹ. ಆದರೆ ನಾಣ್ಯಗಳಿಗೆ ಇಟ್ಟ ಹೆಸರುಗಳಲ್ಲಿ ಹೆಚ್ಚಿನವು ಹಿರಿಯರವು. ಚಿನ್ನದ ಸಿದ್ದೀಕಿ, ಫಾರೂಕಿಗಳು ಮೊದಲ ಇಬ್ಬರು ಖಲೀಫರ ನೆನಪಿಗೆ. ಬೆಳ್ಳಿಯ ಆಬಿದಿ, ಬಾಕಿರಿ, ಜಾಫರಿಗಳು ಇಮಾಮರ ನೆನಪಿಗೆ. ತಾಮ್ರದ ಕೆಳಗಿನ ಕಾಸುಗಳಿಗೆ ಬಂದಾಗ ಗ್ರಹ ನಕ್ಷತ್ರಗಳ ಹೆಸರು: ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ. ಮುಖವಿಲ್ಲದೆಯೂ ಹಣದ ಮೂಲಕ ಗೌರವ ಸಲ್ಲಿಸಬಹುದು ಎಂಬುದಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿನ ಮೇಲೆ ಚಾಮುಂಡಿಯ ಹೆಸರು ಬಂತು, ಕನ್ನಡ ಅಕ್ಷರವೂ ಬಂತು.

ಆಗ ಆಯ್ಕೆ ಆಳುವವನದು, ಕಾರಣ ಕೇಳುವವರಿರಲಿಲ್ಲ. ಈಗ ಕೇಳುವವರಿದ್ದಾರೆ, ತಕ್ಕಡಿಯೇ ಇಲ್ಲ. ಟಿಪ್ಪುವಿನ ಹೆಸರನ್ನೇ ತೆಗೆದುಕೊಂಡರೂ ಸಾಕು. ಶ್ರೀರಂಗಪಟ್ಟಣದಲ್ಲಿ ಅವನನ್ನು ನೆನೆಯುವವರು ಒಂದು ಕಥೆ ಹೇಳಿದರೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡಯಂ ಅಯ್ಯಂಗಾರರು ಅವನ ಕಾಲದಲ್ಲಿ ತಮ್ಮವರು ಹತರಾದರೆಂಬ ನೆನಪಿನಿಂದ ನರಕಚತುರ್ದಶಿಯನ್ನೇ ಆಚರಿಸುವುದಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ವಿವಾದವೇ ಇಲ್ಲದಂತೆ ಕಾಣುವ ಕನ್ನಂಬಾಡಿಯಲ್ಲೂ ಅದೇ ಕಥೆ. ಅಣೆಕಟ್ಟೆಯ ಕೀರ್ತಿ ನಾಲ್ವಡಿ ಕೃಷ್ಣರಾಜ ಒಡೆಯರದೋ ಸರ್ ಎಂ. ವಿಶ್ವೇಶ್ವರಯ್ಯನವರದೋ, ಇಬ್ಬರ ಪ್ರತಿಮೆ ಅಕ್ಕಪಕ್ಕ ನಿಲ್ಲಬಹುದೋ ಎಂದು ಮಂಡ್ಯ ಜಿಲ್ಲೆಯಲ್ಲಿ ವಾದ ನಡೆದಿದೆ. ಅಲ್ಲಿ ಕಲ್ಲು ಹೊತ್ತವರ ಮಾತಂತೂ ಎರಡೂ ಕಡೆಯ ವಾದದಲ್ಲಿ ಬರುವುದಿಲ್ಲ. ಬೇಡದ ಪ್ರತಿಮೆಯನ್ನು ಬಳಸಿಕೊಂಡು ಹೋಗಬಹುದು. ನೋಟು ಹಾಗಲ್ಲ, ಸಂಬಳದಲ್ಲೂ ಬಂದೇ ಬರುತ್ತದೆ, ಅಂಗಡಿಯ ಚಿಲ್ಲರೆಯಲ್ಲೂ ಬರುತ್ತದೆ.

ಬೇರೆ ದೇಶಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆ ಹಲವು. ಯೂರೋ ನೋಟಿನಲ್ಲಿ ಎಲ್ಲೂ ಇಲ್ಲದ ಸೇತುವೆ, ಕಿಟಕಿಗಳನ್ನು ಬರೆದು ಜಗಳವನ್ನೇ ತಪ್ಪಿಸಿದರು; ಜಾಣತನವಿದೆ, ಜೀವವಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 2018ರಲ್ಲಿ 50 ಪೌಂಡಿನ ನೋಟಿಗೆ ತೀರಿಕೊಂಡ ವಿಜ್ಞಾನಿಯೊಬ್ಬರನ್ನು ಸೂಚಿಸಿರೆಂದು ಜನರನ್ನೇ ಕೇಳಿತು. 2,27,299 ಸೂಚನೆಗಳು ಬಂದವು, ಅರ್ಹರೆಂದು ಉಳಿದವರು 989. ಕೊನೆಗೆ ಅಲನ್ ಟ್ಯೂರಿಂಗ್ ಆಯ್ಕೆಯಾದರು, 2021ರಲ್ಲಿ ನೋಟು ಬಂತು. ಕೆನಡಾದ ಕೇಂದ್ರ ಬ್ಯಾಂಕು ನೋಟಿಗೆ ಮಹಿಳೆಯೊಬ್ಬರನ್ನು ಹುಡುಕಿದಾಗ, ತೀರಿಕೊಂಡು 25 ವರ್ಷವಾದರೂ ಆಗಿರಬೇಕೆಂದು ಮೊದಲೇ ಸಾರಿತು. ಅಲ್ಲಿ ಆಯ್ಕೆಯಾದ ವಯೋಲಾ ಡೆಸ್ಮಂಡ್, ಚಿತ್ರಮಂದಿರದಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಸೀಟಿನಿಂದ ಏಳಲು 1946ರಲ್ಲಿ ಒಪ್ಪದ ಕಪ್ಪು ಮಹಿಳೆ. 25 ವರ್ಷದ ನಿಯಮ ಒಳ್ಳೆಯದೇ. ಕಾಲ ಸರಿದಂತೆ ಅಬ್ಬರ ಇಳಿಯುತ್ತದೆ. ಅದನ್ನು ಇಲ್ಲಿ ತಂದರೆ 1998ರಲ್ಲಿ ತೀರಿಕೊಂಡ ಮೇಲುಕೋಟೆಯ ಕವಿ ಪು.ತಿ.ನ. ಈಗಾಗಲೇ ಅರ್ಹರು, ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ 2028ರ ಕೊನೆಯವರೆಗೆ ಕಾಯಬೇಕು.

ಮುಖ ಬೇಕೆನ್ನುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಪರಿಚಿತ ಮುಖದಲ್ಲಿ ಕಣ್ಣೋ ತುಟಿಯೋ ಕೂದಲೆಳೆಯಷ್ಟು ಸೊಟ್ಟಗಾದರೂ ನೋಡುವವರಿಗೆ ಥಟ್ಟನೆ ತಿಳಿಯುತ್ತದೆ, ಖೋಟಾ ನೋಟು ಮಾಡುವವರಿಗೆ ಅದು ತಲೆನೋವು. ಅದಕ್ಕೆ ನಂಬಬಹುದಾದ ಮೂಲಚಿತ್ರ ಬೇಕು. ಗಾಂಧೀಜಿಯವರ ಈಗಿನ ಚಿತ್ರಕ್ಕೆ 1946ರ ಒಂದು ಫೋಟೊ ಆಧಾರ. ಬಸವಣ್ಣನವರಿಗಾಗಲಿ ಅಕ್ಕಮಹಾದೇವಿಗಾಗಲಿ ಅಂಥ ಮೂಲವಿಲ್ಲ. ಬಸವಣ್ಣನವರ 5 ರೂಪಾಯಿ ಸ್ಮಾರಕ ನಾಣ್ಯದ ಮುಖ ಕಲಾವಿದರು ಕಂಡುಕೊಂಡದ್ದು.

ನೋಟಿನ ಹಿಂಬದಿಯಲ್ಲಿ ಬ್ಯಾಂಕು ಆಗಲೇ ಇನ್ನೊಂದು ದಾರಿ ಹಿಡಿದಿದೆ. 2017ರ 50ರ ನೋಟಿನಲ್ಲಿ ಹಂಪಿಯ ಕಲ್ಲಿನ ರಥವಿದೆ. 100ರ ನೋಟಿನಲ್ಲಿ ಪಾಟಣದ ರಾಣಿ ಕಿ ವಾವ್ ಇದೆ, ಬಾವಿ ಕಾಣುತ್ತದೆ, ಕಟ್ಟಿಸಿದ ರಾಣಿ ಕಾಣುವುದಿಲ್ಲ. ನಮ್ಮ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಎತ್ತಿನ ಜೋಡಿಗೆ ಬೆಲೆ ಕುದುರಿಸಿದವರು ನೋಟು ಎಣಿಸುವಾಗ ಮೊದಲು ನೋಡುವುದು ಬಣ್ಣ, ಆಮೇಲೆ ಅಂಚು ಹರಿದಿದೆಯೇ ಎಂದು. ಆದರೂ ನೀಲಿ ನೋಟನ್ನು ತಿರುಗಿಸಿ ಹಂಪಿಯ ತೇರು ಎಂದು ಮಕ್ಕಳಿಗೆ ತೋರಿಸಬಹುದು, ಅದಕ್ಕೆ ಯಾರ ಆಕ್ಷೇಪವೂ ಬರುವುದಿಲ್ಲ.

ಹಾಗಾಗಿ ಕೇಂದ್ರ ಮಂಡಳಿಯ ಮುಂದಿರುವ ಕೆಲಸ ದೊಡ್ಡದೇನಲ್ಲ. ಮುಂಬದಿಯ ಗಾಂಧೀಜಿಯವರನ್ನು ಅವರ ಪಾಡಿಗೆ ಬಿಟ್ಟು, ಮುಂದಿನ ಸರಣಿಯಲ್ಲಿ ಒಂದೇ ಒಂದು ನೋಟಿನ ಹಿಂಬದಿಯನ್ನು ಜನರ ಸೂಚನೆಗೆ ತೆರೆಯಬಹುದು. ತೀರಿಕೊಂಡು 25 ವರ್ಷ ಆಗಿರಬೇಕು, ನಂಬಬಹುದಾದ ಚಿತ್ರ ಇರಬೇಕು, ದೊರೆಗಳೂ ಪಕ್ಷದ ನಾಯಕರೂ ಬೇಡ ಎಂಬ ನಿಯಮಗಳನ್ನು ಹೆಸರು ಕೇಳುವ ಮೊದಲೇ ಪ್ರಕಟಿಸಬೇಕು. ನೋಟಿನ ಭಾಷಾಪಟ್ಟಿಯಲ್ಲಿರುವ ಕನ್ನಡವೂ ಸೇರಿದಂತೆ 15 ಭಾಷೆಗಳಲ್ಲೂ ಸೂಚನೆ ಸ್ವೀಕರಿಸಬೇಕು. ಆಯ್ಕೆಯ ಕಾರಣವನ್ನೂ ಕೊನೆಯ ಸುತ್ತಿನಲ್ಲಿ ಉಳಿದವರ ಪಟ್ಟಿಯನ್ನೂ ಅವೇ ಭಾಷೆಗಳಲ್ಲಿ ಹೊರಡಿಸಬೇಕು. ನೋಟಿನ ಕಾಗದ, ಶಾಯಿ, ಅಚ್ಚು ಮೂರಕ್ಕೂ ಮೈಸೂರಿನಲ್ಲೇ ಘಟಕಗಳಿವೆ. ಮಾದರಿ ತಯಾರಾದ ಮೇಲೆ ಮೊದಲ ಪ್ರದರ್ಶನವನ್ನು ಅಲ್ಲೇ ಇಡಬಹುದು.

ಹೇಮಗಿರಿ, ಕೃಷ್ಣರಾಜಪೇಟೆ ತಾಲ್ಲೂಕು