ಟ್ಯೂಬುಲಿನ್ನಿನ ತುದಿಯ ಒಂದು ಟೈರೋಸಿನ್

ಅರ್ಜೆಂಟೀನ ದೇಶದ ಕೊರ್ಡೋಬ ನಗರದ ವಿಶ್ವವಿದ್ಯಾಲಯದಲ್ಲಿ ರಾನ್ವೆಲ್ ಕಪೂಟೊ ಎಂಬ ಜೀವರಸಾಯನಶಾಸ್ತ್ರಜ್ಞರೂ ಅವರ ಸಹಚರರೂ 1970ರ ದಶಕದ ಆದಿಭಾಗದಲ್ಲಿ ಇಲಿಯ ಮಿದುಳಿನ ಸಾರವನ್ನು ಪರೀಕ್ಷಿಸುತ್ತಿದ್ದಾಗ, ಪ್ರೋಟೀನುಗಳನ್ನು ನಿರ್ಮಿಸುವ ರೈಬೋಸೋಮುಗಳ ನೆರವಿಲ್ಲದೆಯೇ ಟೈರೋಸಿನ್ ಎಂಬ ಅಮೈನೋ ಆಮ್ಲವು ಆಗಲೇ ಸಿದ್ಧವಾಗಿದ್ದ ಪ್ರೋಟೀನೊಂದರ ತುದಿಗೆ ಸೇರಿಕೊಳ್ಳುವುದನ್ನು ಕಂಡರು. ಆ ಪ್ರೋಟೀನೇ ಟ್ಯೂಬುಲಿನ್. ಅಂದು ಇದರಿಂದ ಯಾವ ವ್ಯಾಧಿಯೂ ಗುಣವಾಗುವಂತಿರಲಿಲ್ಲ, ಯಾವ ಉದ್ಯಮವೂ ಹುಟ್ಟುವಂತಿರಲಿಲ್ಲ. ವಿಜ್ಞಾನಕ್ಕೆ ಹಣ ನೀಡುವವರು ಪ್ರಯೋಜನವೇನೆಂದು ಮೊದಲಿಗೇ ಕೇಳುವ ಈ ಕಾಲದಲ್ಲಿ ಆ ಶೋಧದ ಮುಂದಿನ ಚರಿತ್ರೆಯನ್ನು ನೆನೆಯುವುದು ಅವಶ್ಯವೆಂದು ನನಗೆ ತೋರುತ್ತದೆ.

ಟ್ಯೂಬುಲಿನ್ನಿನ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಜೋಡಿಯಾಗಿ, ಆ ಜೋಡಿಗಳು ಸಾಲುಗೂಡಿ, ಸಾಮಾನ್ಯವಾಗಿ ಅಂತಹ 13 ಸಾಲುಗಳು ಒತ್ತೊತ್ತಾಗಿ ನಿಂತಾಗ 25 ನ್ಯಾನೋಮೀಟರ್ ವ್ಯಾಸದ ಟೊಳ್ಳಾದ ಸೂಕ್ಷ್ಮನಾಳವೊಂದು ಸಿದ್ಧವಾಗುತ್ತದೆ. ಕೋಶವು ಇಬ್ಭಾಗವಾಗುವಾಗ ವರ್ಣತಂತುಗಳು ಬೇರ್ಪಡುವುದೂ, ನರಕೋಶದ ನೀಳ ತಂತುವಿನುದ್ದಕ್ಕೂ ಸರಕು ಸಾಗುವುದೂ ಇವುಗಳ ಆಶ್ರಯದಲ್ಲಿಯೇ. ಬೆಳೆಯುತ್ತಿರುವ ನಾಳವು ಹಠಾತ್ತನೆ ಕುಸಿದು ಮತ್ತೆ ಬೆಳೆಯತೊಡಗುವ ಚಾಂಚಲ್ಯವು ಇವುಗಳ ಸಹಜಸ್ವಭಾವವೆಂಬುದನ್ನು ಮಿಚಿಸನ್ ಮತ್ತು ಕಿರ್ಷ್ನರ್ ಎಂಬ ವಿಜ್ಞಾನಿಗಳು 1984ರಲ್ಲಿ ತೋರಿಸಿಕೊಟ್ಟರು.

ಈ ಚಂಚಲ ನಾಳಗಳಲ್ಲಿ ಕೆಲವು ಮಾತ್ರ ದೀರ್ಘಾಯುಗಳಾಗಿ ಉಳಿಯುತ್ತವೆ; ಅವುಗಳನ್ನು ಕೋಶವು ಗುರುತಿಸುವ ಬಗೆ ಕೊರ್ಡೋಬದ ಆ ಟೈರೋಸಿನ್ನಿನಲ್ಲಿ ಅಡಗಿತ್ತು. ಆಲ್ಫಾ ಟ್ಯೂಬುಲಿನ್ ಹುಟ್ಟುವಾಗ ಅದರ ಬಾಲದ ತುದಿಯಲ್ಲಿ ಸಾಮಾನ್ಯವಾಗಿ ಟೈರೋಸಿನ್ ಇರುತ್ತದೆ; ನಾಳದೊಳಗೆ ಸೇರಿದ ಮೇಲೆ ಒಂದು ಕಿಣ್ವವು ಅದನ್ನು ಕತ್ತರಿಸಿ ತೆಗೆಯುತ್ತದೆ; ನಾಳವು ಕಳಚಿ ಜೋಡಿಗಳು ಬಿಡಿಯಾದಾಗ ಮತ್ತೊಂದು ಕಿಣ್ವವು ಅದನ್ನು ಮರಳಿ ಜೋಡಿಸುತ್ತದೆ. ಆದುದರಿಂದ ನಾಳವು ಹಳೆಯದಾದಷ್ಟೂ ಅದರಲ್ಲಿ ಟೈರೋಸಿನ್ ಕಳೆದುಕೊಂಡ ಬಾಲಗಳು ಹೆಚ್ಚು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವಂತೆ, ಬಾಲ ನೋಡಿ ನಾಳದ ವಯಸ್ಸನ್ನು ಹೇಳಬಹುದು. ಟೈರೋಸಿನ್ ಹೋದಮಾತ್ರಕ್ಕೆ ನಾಳವು ತಾನಾಗಿ ದೃಢವಾಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ದೃಢತೆ ಒದಗುವುದು ಆ ಗುರುತನ್ನು ಓದಬಲ್ಲ ಇತರ ಪ್ರೋಟೀನುಗಳಿಂದ: ನಾಳವನ್ನು ತುದಿಯಿಂದ ಕಳಚುವ ಕೈನೆಸಿನ್-13 ಟೈರೋಸಿನ್ ಉಳ್ಳ ನಾಳಗಳ ಮೇಲೆಯೇ ಹೆಚ್ಚು ಉಗ್ರವಾಗಿ ಎರಗುವುದರಿಂದ ಅದನ್ನು ಕಳೆದುಕೊಂಡವು ಬಹುಮಟ್ಟಿಗೆ ಪಾರಾಗುತ್ತವೆ; ಸರಕು ಹೊರುವ ಕೈನೆಸಿನ್-1 ಟೈರೋಸಿನ್‌ರಹಿತ ಹಾದಿಯನ್ನು ಮೆಚ್ಚಿದರೆ, ಎದುರು ದಿಕ್ಕಿಗೆ ನಡೆಯುವ ಡೈನೀನ್ ತನ್ನ ಪಯಣವನ್ನು ಟೈರೋಸಿನ್ ಇರುವಲ್ಲಿಂದ ಆರಂಭಿಸುತ್ತದೆ. ಒಂದೇ ಒಂದು ಅಮೈನೋ ಆಮ್ಲದ ಭಾವಾಭಾವಗಳಿಂದ ಕೋಶದ ಸಂಚಾರವೇ ವಿಂಗಡವಾಗುವ ಈ ವ್ಯವಸ್ಥೆಯನ್ನು ಚಿಂತಿಸಿದಷ್ಟೂ ನನ್ನ ವಿಸ್ಮಯವು ಹೆಚ್ಚುತ್ತದೆ.

ಗುರುತುಗಳು ಬೇರೆಯೂ ಉಂಟು. ನಾಳದ ಒಳಮೈಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರುವ ಅಸಿಟೈಲೀಕರಣವು ನಾಳವು ಪದೇ ಪದೇ ಬಾಗಿದರೂ ಮುರಿಯದಂತೆ ಕಾಯುತ್ತದೆ. ಬಾಲಕ್ಕೆ ಸೇರುವ ಗ್ಲುಟಮೇಟುಗಳ ಸರಪಣಿಯನ್ನು ಮೊಟಕುಮಾಡುವ ಕಿಣ್ವವೊಂದು ಕೆಟ್ಟರೆ ಎಳೆಯ ಮಕ್ಕಳಲ್ಲಿ ನರಕೋಶಗಳು ನಶಿಸುವ ರೋಗವುಂಟಾಗುವುದೆಂದು 2018ರಲ್ಲಿ ವರದಿಯಾಯಿತು.

ಮತ್ತೆ ಟೈರೋಸಿನ್ನಿಗೆ ಬರೋಣ. ಅದನ್ನು ಜೋಡಿಸುವ ಕಿಣ್ವವಿಲ್ಲದ ಇಲಿಮರಿಗಳು, ಮಿದುಳಿನ ನರಜಾಲವು ಅಸ್ತವ್ಯಸ್ತವಾಗಿ, ಹುಟ್ಟಿದ ಸ್ವಲ್ಪಕಾಲದಲ್ಲಿಯೇ ಸಾಯುವುವೆಂದು 2005ರಲ್ಲಿ ತಿಳಿಯಿತು. ಟೈರೋಸಿನ್ನನ್ನು ಕತ್ತರಿಸುವ ಕಿಣ್ವವು ಯಾವುದೆಂದು ಅರಿಯಲು 2017ರವರೆಗೆ ಕಾಯಬೇಕಾಯಿತು. ವ್ಯಾಸೊಹಿಬಿನ್ ಎಂಬ ಪ್ರೋಟೀನೇ ಆ ಕಿಣ್ವವೆಂದು ಆ ವರ್ಷ ಎರಡು ತಂಡಗಳು ಬೇರೆ ಬೇರೆ ಮಾರ್ಗಗಳಿಂದ ಕಂಡುಹಿಡಿದವು. ಅದೇ ಅವಧಿಯಲ್ಲಿ ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು, ಹೃದಯದ ಸ್ನಾಯುಕೋಶದಲ್ಲಿ ಟೈರೋಸಿನ್ ಕಳೆದ ನಾಳಗಳು ಪ್ರತಿಯೊಂದು ಮಿಡಿತಕ್ಕೂ ಬಾಗಿ ಸಂಕೋಚವನ್ನು ಪ್ರತಿರೋಧಿಸುವುದನ್ನೂ, ಸೋಲುತ್ತಿರುವ ಮಾನವಹೃದಯಗಳಲ್ಲಿ ಇಂತಹ ನಾಳಗಳು ಅಧಿಕವಾಗಿರುವುದನ್ನೂ, ಟೈರೋಸಿನ್ನನ್ನು ಮರಳಿಸಿದರೆ ಆ ಹೃದಯಗಳಿಂದ ತೆಗೆದ ಕೋಶಗಳ ಬಿಗಿತವು ಇಳಿದು ಅವುಗಳ ಸಂಕೋಚವೂ ಸಡಿಲಿಕೆಯೂ ಸುಧಾರಿಸುವುದನ್ನೂ 2016 ಮತ್ತು 2018ರಲ್ಲಿ ಪ್ರಕಟಿಸಿದರು.

ಕೊರ್ಡೋಬದ ಪರೀಕ್ಷೆಯಿಂದ ಈ ಹೃದಯಕೋಶದವರೆಗೆ ಸಂದ ಕಾಲವು ನಾಲ್ಕು ದಶಕಗಳಿಗೂ ಮಿಗಿಲು. ನಮ್ಮ ದೇಶದಲ್ಲಿ ಒಂದು ಸಂಶೋಧನೆಗೆ ದೊರೆಯುವ ಧನಸಹಾಯದ ಅವಧಿಯಾದರೋ ಸಾಮಾನ್ಯವಾಗಿ ಮೂರು ವರ್ಷ. ಇಷ್ಟು ಅಲ್ಪಾವಧಿಯಲ್ಲಿ ಲೆಕ್ಕವೊಪ್ಪಿಸಬೇಕಾದವನು, ಎಷ್ಟೇ ಪ್ರತಿಭಾಶಾಲಿಯಾಗಿರಲಿ, ಉತ್ತರವು ಅರ್ಧ ಕಂಡಿರುವ ಪ್ರಶ್ನೆಗಳನ್ನೇ ಆಯ್ದುಕೊಳ್ಳುವುದು ಅನಿವಾರ್ಯ. ಸಾಮರ್ಥ್ಯದ ಕೊರತೆ ನಮ್ಮಲ್ಲಿಲ್ಲ: ಟೈರೋಸಿನ್ ಉಳ್ಳ ನಾಳಗಳನ್ನು ಜೀವಂತ ಕೋಶದಲ್ಲಿಯೇ ಕಾಣಿಸುವ ಸಂವೇದಕವನ್ನು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಮಿನ್ಹಾಜುದ್ದೀನ್ ಸಿರಾಜುದ್ದೀನ್ ಅವರ ತಂಡವು 2020ರಲ್ಲಿ ಲೋಕದ ಮುಂದಿಟ್ಟಿತು. ಪ್ರಶ್ನೆಗಳಿಗೂ ಕೊರತೆಯಿಲ್ಲ: ಟೈರೋಸಿನ್ನನ್ನು ಕತ್ತರಿಸುವ, ಹೃದಯದಲ್ಲಿ ತಡೆಯಬೇಕೆನಿಸುವ ಕಿಣ್ವವು ನರಕೋಶದ ಬೆಳವಣಿಗೆಗೆ ಬೇಕಾದುದೇ ಆಗಿರುವುದರಿಂದ, ಒಂದು ಅಂಗದಲ್ಲಿ ಮಾತ್ರ ಅದನ್ನು ಹೇಗೆ ತಡೆಯುವುದೆಂಬ ಸಮಸ್ಯೆ ಇನ್ನೂ ಎದುರಿಗಿದೆ. ಇಂತಹ ಪ್ರಶ್ನೆಗಳನ್ನು ಹಿಡಿದವರಿಗೆ ಸರ್ಕಾರವು ಹತ್ತು ವರ್ಷಗಳ ಧನಸಹಾಯವನ್ನು ಒಂದೇ ಬಾರಿಗೆ ಮಂಜೂರು ಮಾಡಿ, ನಡುವೆ ಪ್ರಯೋಗದ ನಿಷ್ಕೃಷ್ಟತೆಯನ್ನಷ್ಟೇ ತಜ್ಞರಿಂದ ಪರೀಕ್ಷಿಸಿ, ಫಲವೇನೆಂಬ ಪ್ರಶ್ನೆಯನ್ನು ಕೊನೆಯ ವರ್ಷದವರೆಗೆ ಮುಂದೂಡತಕ್ಕದ್ದು.