ಜಯದೇವದಿಂದ ಊರಿಗೆ ಬಂದ ಮೇಲೆ

ಎದೆನೋವು ಬಂದರೆ ಏನು ಮಾಡಬೇಕೆಂಬುದು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಜನಕ್ಕೆ ಈಗ ಗೊತ್ತಿದೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಆಮೇಲೆ ಬೆಂಗಳೂರಿನ ಜಯದೇವ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ 2023ರಲ್ಲಿ ತಂದ ಹೃದಯ ಜ್ಯೋತಿ ಯೋಜನೆ ಇರುವುದೂ ಹೃದಯಾಘಾತದ ಆ ಮೊದಲ ಗಂಟೆಗಳಿಗಾಗಿಯೇ. ಒಳ್ಳೆಯದು. ಆದರೆ ಜೀವ ಉಳಿದು, ಹೃದಯ ಸೋತು ಊರಿಗೆ ಮರಳಿದವರನ್ನು ಆಮೇಲೆ ನೋಡಿಕೊಳ್ಳುವವರು ಯಾರು?

ಹೆಂಡತಿ, ಇಲ್ಲವೇ ಸೊಸೆ. ಅವರ ಕೈಗೆ ಸಿಗುವುದು ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ ಮತ್ತು 'ಉಪ್ಪು ಕಮ್ಮಿ ಮಾಡಿ' ಎಂಬ ಒಂದು ಮಾತು. ಮುದ್ದೆ, ಉಪ್ಸಾರು ಉಣ್ಣುವ ಸೀಮೆಯಲ್ಲಿ ಕಮ್ಮಿ ಅಂದರೆ ಎಷ್ಟು? ಸಾರಿಗೆ ಕಮ್ಮಿ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟರೆ ಅಲ್ಲಿಗಲ್ಲಿಗೇ ಆಯಿತು.

ಹೃದಯ ವೈಫಲ್ಯಕ್ಕೆ ದಿನವೂ ಗಮನಿಸುವವರು ಬೇಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ 'ಮೈ ಕೈ ತುಂಬಿಕೊಂಡರು' ಎಂದು ಖುಷಿಪಡುವಂತಿಲ್ಲ, ಮೈಯಲ್ಲಿ ನೀರು ನಿಲ್ಲುತ್ತಿರಬಹುದು. ಕಾಲು ಊದುವುದು, ಒಂದು ದಿಂಬು ಸಾಲದೆ ಮೂರು ಬೇಕಾಗುವುದು, ಕೂತೇ ನಿದ್ದೆ ಮಾಡುವುದು ಎಲ್ಲವೂ ಅದರದೇ ಸೂಚನೆ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತರುವ ಡೈಕ್ಲೋಫೆನಾಕ್ ಆ ನೀರನ್ನು ಇನ್ನಷ್ಟು ಹಿಡಿದಿಡುತ್ತದೆ. ರಾತ್ರಿಯೆಲ್ಲ ಏಳಬೇಕಲ್ಲ ಎಂದು ಮೂತ್ರದ ಮಾತ್ರೆಯನ್ನೇ ಬಿಡುವವರಿದ್ದಾರೆ. ಬೆಳಿಗ್ಗೆ ನುಂಗಬಹುದೇ ಎಂದು ಡಾಕ್ಟರನ್ನು ಕೇಳಿ ಹೇಳುವ ಒಬ್ಬರಿದ್ದರೆ ಸಾಕು. ಹಾಸಿಗೆ ಹಿಡಿದವರ ಊದಿದ ಚರ್ಮ ಬೇಗ ಹುಣ್ಣಾಗುತ್ತದೆ, ಆಗಾಗ ಮಗ್ಗುಲು ಬದಲಿಸಬೇಕು. ಇದನ್ನು ಮಾಡಿ ತೋರಿಸುವವರೂ ಬೇಕು.

ಅಂಥವರು ಉಪಕೇಂದ್ರಗಳಲ್ಲಿದ್ದಾರೆ: ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾಯಿತು. ಹೃದಯ ಸೋತವರ ಪಟ್ಟಿಯನ್ನೂ ಅದಕ್ಕೆ ಸೇರಿಸಬೇಕೆಂಬುದು ನಮ್ಮ ಒತ್ತಾಯ. ಮನೆಗೊಂದು ತೂಕದ ಯಂತ್ರ, ಕನ್ನಡದಲ್ಲಿ ಒಂದು ಕಾರ್ಡು, ತೂಕ ಏರಿದಾಗ ನರ್ಸ್ ಫೋನ್ ಮಾಡಿ ಕೇಳಲು ಒಬ್ಬ ವೈದ್ಯರು. ಕೊನೆಯ ಹಂತದಲ್ಲಿ ಉಸಿರಿನ ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯೂ ಮನೆಗೇ ಬರಬೇಕು. ಅದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ಇಲ್ಲಿ ಬಹಳ ಜನ ತಿಳಿದಿದ್ದಾರೆ.

2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರಿನಲ್ಲೇನೋ ಬೆಂಗಳೂರು ಹತ್ತಿರವಾಯಿತು, ಉಸಿರು ಕಟ್ಟಿದವರಿಗೆ ದಾರಿ ಅಷ್ಟೇ ಉದ್ದ. ನಮ್ಮ ಸಂಸದ ಡಾ. ಸಿ.ಎನ್. ಮಂಜುನಾಥ್ ಜಯದೇವದ ನಿರ್ದೇಶಕರಾಗಿದ್ದವರು, ಈ ರೋಗವನ್ನು ಅವರಿಗೆ ಯಾರೂ ವಿವರಿಸಬೇಕಿಲ್ಲ. ಮುಂದಿನ ದಿಶಾ ಸಭೆಯಲ್ಲಿ ಅವರು ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೇಳಲಿ: ಜಿಲ್ಲೆಯ ತಾಲ್ಲೂಕುಗಳಲ್ಲಿ ಇಂಥ ರೋಗಿಗಳು ಎಷ್ಟು ಮಂದಿ, ಅವರ ಮನೆಗೆ ನರ್ಸ್ ಕೊನೆಯ ಸಲ ಹೋದದ್ದು ಯಾವಾಗ?